ನೀರಿನ ಬಿಲ್ಲಿಗೆ ಗೊಣಗಿದ್ದು ಸಾಕು

ಬೆಂಗಳೂರಲ್ಲಿ ಬಾಡಿಗೆ ಮನೇಲಿರೋ ನಮ್ಮ ಕುದೇರಿನ ಹುಡುಗರಿಗೆ ಈ ಮಾತು. ಜಲಮಂಡಳಿ 2025ರ ಏಪ್ರಿಲ್‌ನಲ್ಲಿ ನೀರಿನ ದರ ಏರಿಸಿತು, 2014ರ ನಂತರ ಅದೇ ಮೊದಲು. ಏರಿಸಿದ್ದನ್ನ ತಪ್ಪು ಅನ್ನಲ್ಲ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ಕಾವೇರಿಯನ್ನ ಎತ್ತಿ ತರೋಕೆ ಕರೆಂಟು ಬೇಕು, ಕರೆಂಟಿಗೆ ಕಾಸು ಬೇಕು. ನನ್ನ ತಕರಾರು ಬೇರೆ. ನಲ್ಲೀಲಿ ನೀರೇ ಬರದ ತಿಂಗಳೂ ಬಿಲ್ಲು ಬಂದ್ರೆ, ಟ್ಯಾಂಕರಿಗೂ ಕೊಟ್ಟು ಇದಕ್ಕೂ ಯಾಕೆ ಕೊಡಬೇಕು?

ರೈತರಿಗೆ ಇದು ಹೊಸದಲ್ಲ. ಮಲಪ್ರಭಾ ನೀರು ಹೊಲಕ್ಕೆ ಸರಿಯಾಗಿ ಮುಟ್ಟದಿದ್ದರೂ ನೀರಿನ ಕರ, ಬೆಟರ್‌ಮೆಂಟ್ ಲೆವಿ ಕಟ್ಟಿ ಅಂದಾಗಲೇ ನರಗುಂದ, ನವಲಗುಂದ ಎದ್ದು ನಿಂತದ್ದು. 1980ರ ಜುಲೈ 21ರಂದು ಗೋಲಿಬಾರಿಗೆ ರೈತರು ಜೀವ ಕೊಟ್ಟರು.

ಈಗ ಅರ್ಜಿ ಕೊಡೋ ದಾರಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 35(1)(ಸಿ) ಓದಿ. ಒಂದೇ ಅಹವಾಲಿರೋ ಎಲ್ಲರ ಪರವಾಗಿ ಒಬ್ಬರೇ, ಜಿಲ್ಲಾ ಆಯೋಗದ ಅನುಮತಿ ಪಡೆದು, ದೂರು ಹಾಕಬಹುದು. ಸಿವಿಲ್ ಕೋರ್ಟಿಗಾದ್ರೆ ಸಿಪಿಸಿ ಆದೇಶ 1, ನಿಯಮ 8. ‘ಇದು ಕರ, ನೀವು ಗ್ರಾಹಕರಲ್ಲ’ ಅಂತ ಎದುರು ವಾದ ಬರಬಹುದು. ಮೀಟರ್ ಇಟ್ಟು ಲೀಟರ್ ಲೆಕ್ಕದಲ್ಲಿ ದುಡ್ಡು ತಗೊಂಡ ಮೇಲೆ ಅದು ಕರ ಹೆಂಗಾಯ್ತದೆ ಸ್ವಾಮಿ?

ಮುನ್ನೂರು ರೂಪಾಯಿ ಬಿಲ್ಲಿಗೆ ಯಾರೂ ಒಬ್ಬೊಬ್ಬರೇ ವಕೀಲರನ್ನ ಹಿಡಿಯಲ್ಲ. ಬಿಲ್ಲು ಕಳಿಸೋರಿಗೂ ಅದು ಗೊತ್ತು. ಬೀದಿಯವರೆಲ್ಲ ಸೇರಿ. ಬಿಲ್ಲು, ಟ್ಯಾಂಕರ್ ಚೀಟಿ ಜೋಡಿಸಿಡಿ. ನೀರು ಬರದ ದಿನಗಳನ್ನ ಬರೆದಿಡಿ. ಆಮೇಲೆ ಒಟ್ಟಿಗೆ ಹೋಗಿ ಕೇಳಿ.