ಆರೋಪಿ ಮೊಬೈಲ್, ಸಾಕ್ಷಿ ಗೂಗಲ್ ಫಾರ್ಮ್

ಕಾಲೇಜು ಹುಡುಗರ ತಲೆ ಕೆಟ್ಟಿದೆ, ಕೆಡಿಸಿದ್ದು ಮೊಬೈಲು ಎಂಬ ಮಾತು ಅರಳಿಕಟ್ಟೆ ದಾಟಿ ದಿಲ್ಲಿ ತಲುಪಿ ಬಹಳ ದಿನವಾಯಿತು. 2025ರ ಜನವರಿ 31ರಂದು ಸಂಸತ್ತಿನಲ್ಲಿ ಮಂಡನೆಯಾದ ಆರ್ಥಿಕ ಸಮೀಕ್ಷೆ ಅಮೆರಿಕದ ಮನಶ್ಶಾಸ್ತ್ರಜ್ಞ ಜೊನಾಥನ್ ಹೈಟ್ ಅವರ ‘ದಿ ಆಂಕ್ಷಿಯಸ್ ಜನರೇಷನ್’ ಪುಸ್ತಕದ ಹೆಸರು ಹೇಳಿಯೇ ಈ ಆತಂಕವನ್ನು ತೋಡಿಕೊಂಡಿದೆ. ಅದಕ್ಕೂ ಮೊದಲು, 2023ರ ಸೆಪ್ಟೆಂಬರಿನಲ್ಲಿ, ಎಕ್ಸ್ ಕಂಪನಿಯ ಮೇಲ್ಮನವಿ ಕೇಳುತ್ತಿದ್ದ ಕರ್ನಾಟಕ ಹೈಕೋರ್ಟಿನ ಪೀಠ, ಸೋಷಿಯಲ್ ಮೀಡಿಯಾಕ್ಕೆ 21 ಅಥವಾ ಕನಿಷ್ಠ 18ರ ವಯೋಮಿತಿ ಇದ್ದರೆ ಒಳ್ಳೆಯದು ಎಂಬರ್ಥದ ಮಾತಾಡಿತ್ತು. 21 ಎಂದರೆ ಮೂರು ವರ್ಷದ ಡಿಗ್ರಿ ಮುಗಿಸಿ ಹೊರಬೀಳುವ ವಯಸ್ಸು. ಶಾಸಕರನ್ನು ಆರಿಸಬಹುದು, ಅವರ ರೀಲ್ಸ್ ನೋಡುವ ಹಾಗಿಲ್ಲ!

ಮೊಬೈಲ್ ಪರ ವಕಾಲತ್ತು ವಹಿಸಲು ನಾನು ಬಂದಿಲ್ಲ. ನಿಮ್ಹಾನ್ಸ್ 2014ರಲ್ಲೇ ಮೊಬೈಲ್, ಇಂಟರ್ನೆಟ್ ಗೀಳಿಗೆಂದು ‘ಶಟ್’ ಕ್ಲಿನಿಕ್ ತೆರೆದಿದೆ. ಅಲ್ಲಿಗೆ ಬರುವವರ ಸಂಕಟ ಸುಳ್ಳಲ್ಲ. ನನ್ನ ತಕರಾರಿರುವುದು, ಇಡೀ ಒಂದು ಪೀಳಿಗೆಯ ಮೇಲೆ ತೀರ್ಪು ಕೊಡಲು ನಾವು ಒಪ್ಪಿಕೊಂಡಿರುವ ಸಾಕ್ಷ್ಯದ ಮೇಲೆ.

ಆ ಸಾಕ್ಷ್ಯ ಹುಟ್ಟುವ ಜಾಗ ನಮ್ಮ ಕಾಲೇಜುಗಳಲ್ಲಿ ಎಲ್ಲರಿಗೂ ಗೊತ್ತು. ಎಂ.ಎ. ಸೈಕಾಲಜಿ, ಎಂಎಸ್‌ಡಬ್ಲ್ಯೂ, ನರ್ಸಿಂಗ್, ಬಿ.ಎಡ್. ಓದುವವರಿಗೆ ಪ್ರಾಜೆಕ್ಟ್ ಒಪ್ಪಿಸುವ ದಿನ ಹತ್ತಿರವಾದಂತೆ ಡಿಗ್ರಿ ಕ್ಲಾಸಿನ ವಾಟ್ಸಾಪ್ ಗ್ರೂಪುಗಳಲ್ಲಿ ಲಿಂಕುಗಳು ಬೀಳತೊಡಗುತ್ತವೆ. ‘ಪ್ಲೀಸ್ ಫಿಲ್ ಮಾಡಿ, ಎರಡೇ ನಿಮಿಷ.’ ಯಾರೂ ತುಂಬದಿದ್ದರೆ ಮೇಡಂ ಕಡೆಯಿಂದ ಒಂದು ಮಾತು ಹೇಳಿಸಲಾಗುತ್ತದೆ; ಇಂಟರ್ನಲ್ಸ್ ಮಾರ್ಕ್ಸ್ ಯಾರ ಕೈಲಿದೆ ಎಂಬುದು ಹುಡುಗರಿಗೂ ಗೊತ್ತು. ಆಮೇಲೆ ಪಟಪಟನೆ ತುಂಬುತ್ತಾರೆ. ತುಂಬುವುದು ಬಸ್ಸಿನಲ್ಲಿ ಒಂದು ಕೈಲಿ ಕಂಬಿ ಹಿಡಿದುಕೊಂಡು. ಪ್ರಶ್ನೆಗಳಿರುವುದು ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಗೆ ಅರ್ಥವಾಗದ ವಾಕ್ಯ ಎದುರಾದರೆ ನಡುವಿನ ಕಾಲಂ ಇದ್ದೇ ಇದೆ: ‘ಕೆಲವೊಮ್ಮೆ’. ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುವ ಮುಂಚೆ ತೃಪ್ತಿ ಸಮೀಕ್ಷೆಗೆ ಏನು ಒತ್ತಬೇಕೆಂದು ಹೇಳಿಸಿಕೊಂಡು ಪಳಗಿದ ಬೆರಳುಗಳಿವು.

ಇನ್ನು ಅಳತೆಗೋಲು. ಒತ್ತಡ ಅಳೆಯಲು ಹೆಚ್ಚಾಗಿ ಬಳಕೆಯಾಗುವುದು ಅಮೆರಿಕದ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು 1983ರಲ್ಲಿ ಮಾಡಿದ ಪ್ರಶ್ನಾವಳಿ. ಹೋದ ಒಂದು ತಿಂಗಳಲ್ಲಿ ಎಷ್ಟು ಸಲ ತಳಮಳವಾಯಿತು, ಎಷ್ಟು ಸಲ ಎಲ್ಲ ಕೈಮೀರಿತು ಅನಿಸಿತು ಎಂದು ಅದು ಕೇಳುತ್ತದೆ. ಏತಕ್ಕೆ ಎಂದು ಕೇಳುವುದಿಲ್ಲ. ಅದು ಅದರ ದೋಷವೇನಲ್ಲ, ಅದನ್ನು ಮಾಡಿದ್ದೇ ಹಾಗೆ. ನಮ್ಮವರು ಅದರ ಪಕ್ಕಕ್ಕೆ 2013ರ ಸುಮಾರಿಗೆ ಕೊರಿಯಾದಲ್ಲಿ ತಯಾರಾದ ಸ್ಮಾರ್ಟ್‌ಫೋನ್ ವ್ಯಸನದ ಮಾಪಕ ಜೋಡಿಸುತ್ತಾರೆ. ಎರಡರ ಅಂಕಗಳನ್ನು ಕಂಪ್ಯೂಟರಿಗೆ ಹಾಕಿದರೆ ಏನೋ ಒಂದು ನಂಟು ಕಾಣುತ್ತದೆ, ‘ಮೊಬೈಲಿನಿಂದ ಒತ್ತಡ’ ಎಂದು ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಶುಲ್ಕ, ಫಲಿತಾಂಶ, ಹಾಸ್ಟೆಲ್ ಊಟ, ಮನೆಯ ಸಾಲ ಯಾವುದೂ ಫಾರ್ಮಿನಲ್ಲೇ ಇಲ್ಲದ ಮೇಲೆ ಸಿಕ್ಕಿಬೀಳಲು ಮೊಬೈಲ್ ಬಿಟ್ಟರೆ ಮತ್ಯಾರಿದ್ದಾರೆ? ಒತ್ತಡದಲ್ಲಿರುವವನೇ ಹೆಚ್ಚು ಹೊತ್ತು ಫೋನ್ ಹಿಡಿಯುತ್ತಾನೋ ಎಂಬ ಅನುಮಾನವನ್ನು ಕೊನೆಯ ಪುಟದ ‘ಮಿತಿಗಳು’ ಎಂಬ ತಲೆಬರಹದಡಿ ಹೂತುಬಿಡುತ್ತಾರೆ.

ಫೋನ್ ಎಷ್ಟು ಹೊತ್ತು ನೋಡುತ್ತೀರಿ ಎಂದು ಬಾಯಿಮಾತಿನಲ್ಲಿ ಕೇಳುವುದೂ ನೆಚ್ಚುವಂಥದ್ದಲ್ಲ. ಜನ ಹೇಳಿದ ಲೆಕ್ಕವನ್ನು ಸಾಧನದಲ್ಲಿ ದಾಖಲಾದ ಲೆಕ್ಕದೊಂದಿಗೆ ತಾಳೆ ನೋಡಿದ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ಡಗ್ಲಸ್ ಪ್ಯಾರಿ ಮತ್ತು ಸಹೋದ್ಯೋಗಿಗಳು 2021ರಲ್ಲಿ ಪರಿಶೀಲಿಸಿದರು. ಎರಡೂ ಲೆಕ್ಕ ಹೊಂದಿಕೆಯಾಗಿದ್ದು ಅಪರೂಪ. ಇದಕ್ಕಿಂತ ಸೊಗಸಾದ ಕೀಟಲೆ 2020ರದ್ದು. ಲಿಯಾಮ್ ಸ್ಯಾಚೆಲ್ ಮತ್ತಿತರ ಮನಶ್ಶಾಸ್ತ್ರಜ್ಞರು ಸೋಷಿಯಲ್ ಮೀಡಿಯಾ ವ್ಯಸನದ ಪ್ರಶ್ನಾವಳಿಗಳ ಮಾದರಿಯಲ್ಲೇ ‘ಎದುರುಬದುರು ಭೇಟಿಯಾಗುವ ಗೆಳೆಯರ ವ್ಯಸನ’ ಅಳೆಯುವ ಪ್ರಶ್ನಾವಳಿಯೊಂದನ್ನು ರಚಿಸಿದರು. ಗೆಳೆಯರ ಬಗ್ಗೆ ಪದೇ ಪದೇ ಯೋಚಿಸುತ್ತೀರಾ, ಬೇಜಾರು ಮರೆಯಲು ಅವರ ಬಳಿ ಹೋಗುತ್ತೀರಾ ಎಂಬಂಥ ಪ್ರಶ್ನೆಗಳು. 807 ಜನ ಉತ್ತರಿಸಿದರು. ಶೇ 69 ಮಂದಿ ವ್ಯಸನಿಗಳು ಎಂದು ಲೆಕ್ಕ ಬಂತು. ಆ ಅಳತೆಗೋಲು ಹಿಡಿದು ನಮ್ಮ ಹಾಸ್ಟೆಲುಗಳಿಗೆ ಹೋದರೆ ಶೇ 100 ಖಂಡಿತ.

ದೊಡ್ಡ ದತ್ತಾಂಶ ತಂದರೆ ವಾದ ಗಟ್ಟಿಯಾದೀತೇ? ಆಮಿ ಆರ್ಬೆನ್ ಮತ್ತು ಆಂಡ್ರ್ಯೂ ಪ್ರಿಬಿಲ್ಸ್ಕಿ ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿ ಜಾಲಾಡಿ 2019ರಲ್ಲಿ ಬರೆದರು: ಮಕ್ಕಳ ನೆಮ್ಮದಿಯಲ್ಲಿನ ಏರುಪೇರಿಗೆ ಡಿಜಿಟಲ್ ಬಳಕೆ ಕೊಡುವ ವಿವರಣೆ ಹೆಚ್ಚೆಂದರೆ ಶೇ 0.4. ಅದೇ ದತ್ತಾಂಶದಲ್ಲಿ ಆಲೂಗಡ್ಡೆ ತಿನ್ನುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ನಂಟಿತ್ತು. ಆಲೂಗಡ್ಡೆಗೆ ವಯೋಮಿತಿ ಬೇಕೆಂದು ಯಾವ ನ್ಯಾಯಪೀಠವೂ ಹೇಳಿಲ್ಲ. ಆರ್ಥಿಕ ಸಮೀಕ್ಷೆ ತನ್ನ ವಾದಕ್ಕೆ ಬಳಸಿಕೊಂಡ ಸೇಪಿಯನ್ ಲ್ಯಾಬ್ಸ್ ಎಂಬ ಸಂಶೋಧನಾ ಸಂಸ್ಥೆಯ ಅಂಕಿಗಳ ಮೂಲವನ್ನೂ ಗಮನಿಸಬೇಕು: ಫೇಸ್‌ಬುಕ್, ಗೂಗಲ್ ಜಾಹೀರಾತು ಒತ್ತಿ ಬಂದವರು ಆನ್‌ಲೈನಿನಲ್ಲಿ ತುಂಬಿದ ಉತ್ತರಗಳವು. ಹೈಟ್ ಪುಸ್ತಕ 2024ರಲ್ಲಿ ಬಂದ ಬೆನ್ನಿಗೇ ‘ನೇಚರ್’ ಪತ್ರಿಕೆಯಲ್ಲಿ ಮನಶ್ಶಾಸ್ತ್ರಜ್ಞೆ ಕ್ಯಾಂಡಿಸ್ ಓಡ್ಜರ್ಸ್ ಅದರ ಮೂಲ ವಾದಕ್ಕೇ ವಿಜ್ಞಾನದ ಆಧಾರ ಸಾಲದು ಎಂದು ಖಂಡಿಸಿದ್ದರು. ಜಗಳ ಇನ್ನೂ ನಡೆಯುತ್ತಿದೆ. ನಮ್ಮ ಸಮೀಕ್ಷೆ ಒಂದು ಕಡೆಯವರ ಮಾತನ್ನಷ್ಟೇ ಎತ್ತಿಕೊಂಡಿತು.

ಹೈಟ್ ಕಡೆಯವರ ಬಳಿಯೂ ಒಂದು ಗಟ್ಟಿ ಅಧ್ಯಯನ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 2004ರಲ್ಲಿ ಹಾರ್ವರ್ಡಿನಲ್ಲಿ ಶುರುವಾದ ಫೇಸ್‌ಬುಕ್ ಅಮೆರಿಕದ ಕಾಲೇಜುಗಳಿಗೆ ಒಂದೇ ದಿನ ಸಿಗಲಿಲ್ಲ, ಒಂದಾದ ಮೇಲೊಂದರಂತೆ ಹಬ್ಬಿತು. ಬ್ರಾಗಿಯೇರಿ, ಲೆವಿ, ಮಕಾರಿನ್ ಎಂಬ ಅರ್ಥಶಾಸ್ತ್ರಜ್ಞರು ಪ್ರತಿ ಕಾಲೇಜಿಗೆ ಅದು ಬಂದ ತಾರೀಖನ್ನೂ ಅಲ್ಲಿನ ವಿದ್ಯಾರ್ಥಿಗಳ ಆರೋಗ್ಯ ಸಮೀಕ್ಷೆಯನ್ನೂ ಎದುರುಬದುರು ಇಟ್ಟು ನೋಡಿದರು. ಮನಸ್ಸಿನ ಆರೋಗ್ಯ ಕುಸಿದಿತ್ತು. ಕೆಲಸ ಕಳೆದುಕೊಂಡಾಗ ಆಗುವ ಪೆಟ್ಟಿನ ಶೇ 22ರಷ್ಟು. ಇತರರ ಬದುಕಿನ ಜೊತೆ ತಮ್ಮದನ್ನು ಹೋಲಿಸಿ ಕುಗ್ಗುವುದು ಕಾರಣವಿರಬಹುದು ಎಂದರು. ಒಪ್ಪೋಣ. ಆದರೆ ಅವರು ಲಿಂಕ್ ಹಂಚಿ ಕೂರಲಿಲ್ಲ. ಬೇರೆ ಯಾವ ಕಾರಣ ಇರಬಹುದು ಎಂದು ಒಂದೊಂದನ್ನೇ ಹೊರಗಿಡುವ ದಾರಿ ಹುಡುಕಿದರು. ಆ ಶ್ರಮವನ್ನು ನಾವು ಬಿಟ್ಟು, ತೀರ್ಮಾನವನ್ನು ಮಾತ್ರ ಆಮದು ಮಾಡಿಕೊಂಡಿದ್ದೇವೆ.

ಇಲ್ಲಿ ಹೊರಗಿಡಬೇಕಾದ ಕಾರಣಗಳಿಗೇನು ಬರವೇ? 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ತಂದರು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದರು. ನಡುವೆ ಸೇರಿದವರಿಗೆ ಅಣ್ಣಂದಿರ ಪಠ್ಯವೂ ತಮ್ಮಂದಿರ ಪಠ್ಯವೂ ತಮ್ಮದಲ್ಲ. 2023ರ ಕೊನೆಯಲ್ಲಿ ಅತಿಥಿ ಉಪನ್ಯಾಸಕರು ಸೇವಾ ಭದ್ರತೆ ಕೇಳಿ ಬೀದಿಗಿಳಿದಾಗ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಎಷ್ಟೋ ತರಗತಿಗಳಲ್ಲಿ ಪಾಠ ಮಾಡುವವರೇ ಇರಲಿಲ್ಲ. 2024ರ ಸಿಇಟಿಯ 240 ಪ್ರಶ್ನೆಗಳಲ್ಲಿ 50 ಪಠ್ಯಕ್ರಮದ ಹೊರಗಿನವು ಎಂದು ಕೈಬಿಡಬೇಕಾಯಿತು. ಡಿಗ್ರಿ ಮುಗಿಸಿ ಪೊಲೀಸ್ ಕೆಲಸಕ್ಕೆ ಓದಿದವರಿಗೆ 545 ಪಿಎಸ್‌ಐ ಹುದ್ದೆಗಳ ನೇಮಕಾತಿ ಹಗರಣ ನೆನಪಿದೆ. ಪ್ರಾಮಾಣಿಕವಾಗಿ ಬರೆದವರೂ ಮತ್ತೊಮ್ಮೆ ಪರೀಕ್ಷೆಗೆ ಕೂರಬೇಕಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಇದೆಲ್ಲಕ್ಕೂ ಬೈಸಿಕೊಳ್ಳುತ್ತಿರುವುದು ಮೊಬೈಲು. ತಮಾಷೆಯೆಂದರೆ ಅದೇ ಮೊಬೈಲ್ ಇಲ್ಲದೆ ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಜಾಲತಾಣದಲ್ಲಿ ಪರೀಕ್ಷೆ ಅರ್ಜಿ ಹಾಕಲಾಗದು, ಸ್ಕಾಲರ್‌ಶಿಪ್ ಅರ್ಜಿಯ ಒಟಿಪಿ ಬಾರದು. ಸರ್ವರ್ ಕೈಕೊಟ್ಟು ರಾತ್ರಿ ಹನ್ನೊಂದರ ತನಕ ರಿಫ್ರೆಶ್ ಒತ್ತುತ್ತ ಕೂತವನ ಸ್ಕ್ರೀನ್ ಟೈಮನ್ನು ಯಾರ ಖಾತೆಗೆ ಬರೆಯುವುದು?

ಫೋನನ್ನು ದೂರುವುದಕ್ಕೆ ಖರ್ಚಿಲ್ಲ. ಕೌನ್ಸೆಲರ್ ನೇಮಕಕ್ಕೆ ಖರ್ಚಿದೆ. 100 ಮತ್ತು ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯಲ್ಲೂ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರಾದರೂ ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ (ಎನ್‌ಸಿಆರ್‌ಬಿ) ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತ ವಿದ್ಯಾರ್ಥಿಗಳು 13,044. ಪಾಠ ಹೇಳುವ ಹುದ್ದೆಗಳನ್ನೇ ವರ್ಷ ವರ್ಷ ಅತಿಥಿಗಳಿಂದ ತುಂಬಿಸುವ ವ್ಯವಸ್ಥೆ ಸಮಾಲೋಚಕರ ಈ ಹೊಸ ಹುದ್ದೆಗೆ ಸಂಬಳ ಎಲ್ಲಿಂದ ತರುತ್ತದೆ ಎಂದು ವಿಧಾನಸಭೆಯಲ್ಲಿ ಯಾರಾದರೂ ಎದ್ದು ಕೇಳಲಿ. ಮೊಬೈಲ್ ಹಾವಳಿ ಕುರಿತ ಭಾಷಣ ಆಮೇಲೆ ಮಾಡಬಹುದು.

ಸಂಶೋಧಕರಿಗೂ ಒಂದು ಮಾತು. ಫೇಸ್‌ಬುಕ್ ಹಬ್ಬಿದ ತಾರೀಖುಗಳಂಥದ್ದು ನಮ್ಮಲ್ಲೂ ಇದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಹುಡುಗಿಯರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತವಾಯಿತು, ಅದೇ ಕ್ಲಾಸಿನ ಹುಡುಗರಿಗೆ ಆಗಲಿಲ್ಲ. ಖಾಸಗಿ ಬಸ್ಸುಗಳೇ ಓಡುವ ಕರಾವಳಿಯ ಮಾರ್ಗಗಳಲ್ಲಿ ಹುಡುಗಿಯರಿಗೂ ಅದರ ಪ್ರಯೋಜನ ಅಷ್ಟಕ್ಕಷ್ಟೇ. ಕಾಲೇಜುಗಳ ಹಾಜರಾತಿ ಪುಸ್ತಕದಲ್ಲಿ, ಬ್ಯಾಕ್‌ಲಾಗ್ ಪಟ್ಟಿಯಲ್ಲಿ, ಟಿ.ಸಿ. ಪಡೆದು ಹೋದವರ ಲೆಕ್ಕದಲ್ಲಿ ಆ ದಿನದ ಹಿಂದುಮುಂದೆ ಏನು ಬದಲಾಯಿತು? ವಿಶ್ವವಿದ್ಯಾಲಯವಾರು ಫಲಿತಾಂಶ ಎಷ್ಟು ದಿನ ತಡವಾಯಿತು, ಆ ದಿನಗಳಲ್ಲಿ ಹುಡುಗರ ನಿದ್ದೆ ಏನಾಯಿತು? ಕಡತಗಳು ಪ್ರಿನ್ಸಿಪಾಲರ ಕೋಣೆಯ ಬೀರುವಿನಲ್ಲೇ ಇವೆ, ಅದರ ಕೀಲಿ ಸೂಪರಿಂಟೆಂಡೆಂಟ್ ಬಳಿ ಸಿಗುತ್ತದೆ.