ಚಳಿಮಳೆಯ ಸೈಕಲ್ಲು: ಹುಚ್ಚೂ ಅಲ್ಲ, ಶೌರ್ಯವೂ ಅಲ್ಲ

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ನಮ್ಮ ಸೀಮೆಯ ಮೇಲೆ ಮೂರು ದಿನ ಜಡಿಮಳೆ ಹಿಡಿಯಿತೆಂದರೆ, ಸೈಕಲ್ಲಿನ ಮೇಲೆ ದೂರ ಹೊರಟವರನ್ನು ಕುರಿತು ಎರಡು ಬಗೆಯ ಮಾತು ಕಿವಿಗೆ ಬೀಳುತ್ತದೆ. ಚಿಕ್ಕಬಳ್ಳಾಪುರದ ಹೋಟೆಲಿನಲ್ಲಿ ಬಿಸಿ ಕಾಫಿಯ ಲೋಟ ಹಿಡಿದು ಕುಳಿತವರು, "ಇವರಿಗೇನು ಹುಚ್ಚೆ? ಬಸ್ಸಿಲ್ಲವೆ?" ಎನ್ನುತ್ತಾರೆ. ಬಣ್ಣದ ಮಳೆಯಂಗಿ ತೊಟ್ಟು ಬೆಂಗಳೂರಿನಿಂದ ಬಂದ ಸವಾರರಲ್ಲಿ ಕೆಲವರಾದರೋ, ಹಿಮಾಲಯವನ್ನೇ ದಾಟಿ ಬಂದವರಂತೆ ಚಿತ್ರ ತೆಗೆಸಿಕೊಳ್ಳುತ್ತಾರೆ. ಒಬ್ಬರಿಗೆ ಅದು ಹುಚ್ಚು; ಇನ್ನೊಬ್ಬರಿಗೆ ಶೌರ್ಯ. ಎರಡೂ ತಪ್ಪು. ಆ ತಪ್ಪುಗಳ ಫಲವನ್ನು ಉಣ್ಣುತ್ತಿರುವವರು ಮಾತ್ರ ಮೂರನೆಯವರು. ನನ್ನ ತಕರಾರು ಅವರ ಪರವಾಗಿ.

ಮೊದಲು ಮಳೆಯ ವಿಚಾರ. ನಮ್ಮದು ಬಯಲುಸೀಮೆ, ಇಲ್ಲಿ ಮಳೆಯೆಲ್ಲಿ ಎನ್ನುವವರು 2021ರ ನವೆಂಬರನ್ನು ನೆನೆಯಲಿ. ಕೆರೆಗಳು ಕೋಡಿ ಹರಿದು ರಸ್ತೆಗಳೇ ಹಳ್ಳಗಳಾದವು. 2022ರ ಡಿಸೆಂಬರಿನಲ್ಲಿ ಮಾಂಡೌಸ್ ಬಂತು. 2024ರ ಡಿಸೆಂಬರಿನ ಮೊದಲ ದಿನಗಳಲ್ಲಿ ಫೆಂಗಲ್. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ಈ ನೆಲದಲ್ಲಿ ಅಂಥ ದಿನಗಳ ತಂಪು ಮನೆಯಲ್ಲಿ ಕುಳಿತವನಿಗೆ ಹಿತ. ನೆನೆದ ಬಟ್ಟೆಯಲ್ಲಿ ಗಾಳಿಗೆದುರಾಗಿ ನಾಲ್ಕು ಗಂಟೆ ತುಳಿದವನಿಗೆ ಹಾಗಲ್ಲ. ಒದ್ದೆ ಬಟ್ಟೆ ಮೈಯ ಶಾಖವನ್ನು ಕದಿಯುತ್ತದೆ. ಏರಿನಲ್ಲಿ ಬೆವರು, ಇಳಿಜಾರಿನಲ್ಲಿ ನಡುಕ. ಬೆರಳು ಮರಗಟ್ಟಿದ ಮೇಲೆ ಬ್ರೇಕು ಹಿಡಿಯುವುದೂ ಕಷ್ಟ. ಗೌರಿಬಿದನೂರಿನಿಂದ ಮಂಚೇನಹಳ್ಳಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟಗಳ ಮೇಲೆ ಚಿಂತಾಮಣಿಗೆ ಸುಮಾರು 80 ಕಿಲೋಮೀಟರು. ಆ ದಾರಿಯನ್ನು ನಾನು ಮಳೆಯಲ್ಲಿಯೂ ತುಳಿದಿದ್ದೇನೆ. ಆದ್ದರಿಂದ ಕಷ್ಟವಿಲ್ಲವೆಂದು ಹೇಳಲಾರೆ. ಕಷ್ಟಕ್ಕೆ ಉಪಾಯವಿದೆ ಎನ್ನುತ್ತೇನೆ: ಉಣ್ಣೆಯ ಒಳಂಗಿ, ಗಾಳಿ ತಡೆಯುವ ಮೇಲಂಗಿ, ಚೀಲದಲ್ಲಿ ಒಣಗಿದ ಒಂದು ಜೊತೆ ಕೈಗವಸು, ಗಾಲಿಗೆ ಮಡ್‌ಗಾರ್ಡು, ಹಿಂದೆ ಕೆಂಪು ದೀಪ, ಗಂಟೆಗೊಮ್ಮೆ ಬಾಯಿಗೆ ಬೆಲ್ಲ, ಕಡಲೆಕಾಯಿ. ಇಷ್ಟೇ.

ಇನ್ನು ಹುಚ್ಚಿನ ಮಾತು. ಹಾಗೆನ್ನುವವರು ಬೆಳಗ್ಗೆ ಐದು ಗಂಟೆಗೆ ಎದ್ದು ಬೀದಿಗೆ ಬಂದು ನೋಡಲಿ. ಪತ್ರಿಕೆ ಹಂಚುವ ಹುಡುಗ, ಡೈರಿಗೆ ಹಾಲು ತರುವ ರೈತ, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೊರಟ ಕೂಲಿಗಾರ: ಇವರ ಸೈಕಲ್ಲಿಗೆ ಮಳೆಯ ರಜೆಯೆಂಬುದಿಲ್ಲ. 2011ರ ಜನಗಣತಿಯ ಪ್ರಕಾರ ಈ ದೇಶದ ನೂರು ಮನೆಗಳಲ್ಲಿ ಸುಮಾರು 45 ಮನೆಗಳಲ್ಲಿ ಸೈಕಲ್ಲಿತ್ತು. ಅಷ್ಟು ಮನೆಗಳಿಗೆ ಹುಚ್ಚು ಹಿಡಿದಿತ್ತೇನು? ಬಳೆಯ ಮಲಾರ ಹೊತ್ತು ಊರೂರು ತಿರುಗಿದ ಕೈವಾರದ ತಾತಯ್ಯನವರನ್ನು ಪೂಜಿಸುವ ಸೀಮೆ ಇದು. ನಿಲ್ಲದೆ ನಡೆಯುವವನನ್ನು ಜಂಗಮನೆಂದು ಗೌರವಿಸಿದ ಭಾಷೆ ನಮ್ಮದು. ತನ್ನ ಕಾಲಿನ ಬಲದಿಂದ ಊರಿಂದೂರಿಗೆ ಹೋಗುವವನು ಗತಿಗೆಟ್ಟವನು, ಇಲ್ಲವೆ ಮತಿಗೆಟ್ಟವನು ಎಂದು ಕಾಣುವುದನ್ನು ನಾವು ಯಾವಾಗ ಕಲಿತೆವು?

ಶೌರ್ಯದ ಮಾತೂ ಅಷ್ಟೇ ಟೊಳ್ಳು. ಬ್ರೆವೆ ಎಂಬ ದೂರಸವಾರಿಯ ಪದ್ಧತಿ ಫ್ರಾನ್ಸಿನಿಂದ ಬಂದು ಇಲ್ಲಿಯೂ ನೆಲೆಯೂರಿದೆ. 200 ಕಿಲೋಮೀಟರಿಗೆ 13 ಗಂಟೆ 30 ನಿಮಿಷ, 600 ಕಿಲೋಮೀಟರಿಗೆ 40 ಗಂಟೆ ಗಡುವು. 1891ರಲ್ಲಿ ಪಂದ್ಯವಾಗಿ ಆರಂಭವಾದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಈಗ ಇದೇ ಬಗೆಯ ಸವಾರಿ. ಸುಮಾರು 1200 ಕಿಲೋಮೀಟರು, 90 ಗಂಟೆ. ಅಲ್ಲಿ ಮೊದಲಿಗನೂ ಇಲ್ಲ, ಎರಡನೆಯವನೂ ಇಲ್ಲ. ಗಡುವಿನೊಳಗೆ ಬಂದವರೆಲ್ಲ ಸಮಾನರು. ಇದು ಸೊಗಸಾದ ನಿಯಮ. ವೀರಗಲ್ಲು ನೆಡಿಸಿಕೊಳ್ಳುವ ಆಸೆಗೆ ಅಲ್ಲಿ ಜಾಗವಿಲ್ಲ. ಇಷ್ಟಪಟ್ಟು ಒಂದು ದಿನ ನೆನೆದವನು ಶೂರನಾದರೆ, ಇಷ್ಟವಿಲ್ಲದೆ ವಾರವೆಲ್ಲ ನೆನೆಯುವವನನ್ನು ಏನೆಂದು ಕರೆಯೋಣ? ಅವನ ಹಳೆಯ ಸೈಕಲ್ಲಿನ ಉಕ್ಕಿನ ರಿಮ್ಮು ನೆನೆದರೆ ಬ್ರೇಕು ಜಾರುತ್ತದೆ. ಇವನದಕ್ಕೆ ಡಿಸ್ಕ್ ಬ್ರೇಕಿದೆ.

ಶಬ್ದಗಳ ಪಾಠ ಹೇಳುವುದು ನನ್ನ ವೃತ್ತಿ. ಶಬ್ದಗಳು ಸುಮ್ಮನಿರುವುದಿಲ್ಲ, ಕೆಲಸ ಮಾಡುತ್ತವೆ. ಹುಚ್ಚು ಎಂದು ಕರೆದರೆ, ಹುಚ್ಚನಿಗಾಗಿ ಯಾರೂ ರಸ್ತೆ ಕಟ್ಟಬೇಕಾಗಿಲ್ಲ. ಶೌರ್ಯ ಎಂದು ಕರೆದರೆ, ಶೂರನಿಗೆ ರಸ್ತೆಯೇ ಬೇಕಾಗಿಲ್ಲ. ಎರಡರಿಂದಲೂ ನೆಮ್ಮದಿ ರಸ್ತೆ ಕಟ್ಟುವವರಿಗೆ! ನಮ್ಮ ನಾಲ್ಕೂ ಊರುಗಳನ್ನು ಪೋಣಿಸಿರುವ ಹೆದ್ದಾರಿ ಮೊದಲು 234 ಆಗಿತ್ತು, ಈಗ 69. ಸಂಖ್ಯೆ ಬದಲಾಯಿತು, ಮಳೆಯ ಸಂಜೆ ಲಾರಿಯೊಂದು ಕೆಸರೆರಚುತ್ತ ಹಾದುಹೋಗುವಾಗ ಸೈಕಲ್ಲಿನವನು ಕೆಳಗಿಳಿದು ಮಣ್ಣಿನಲ್ಲಿ ನಿಲ್ಲಬೇಕಾದುದು ಬದಲಾಗಲಿಲ್ಲ. ಎಂಟನೆಯ ತರಗತಿಯ ಮಕ್ಕಳಿಗಾಗಿ ರಾಜ್ಯ ಸರ್ಕಾರ 2006-07ರಲ್ಲಿ ಆರಂಭಿಸಿದ ಉಚಿತ ಸೈಕಲ್ಲಿನ ಯೋಜನೆ ಕೊರೋನದ ಕಾಲಕ್ಕೆ ನಿಂತಿತು. ಶಾಲೆಗಳು ಮತ್ತೆ ತೆರೆದ ಮೇಲೂ ವರ್ಷಗಟ್ಟಲೆ ಮರಳಲಿಲ್ಲ. ಹಳ್ಳಿಯ ಹುಡುಗಿಯೊಬ್ಬಳಿಗೆ ಆ ಸೈಕಲ್ಲು ಸಾಹಸವಾಗಿರಲಿಲ್ಲ, ಹೈಸ್ಕೂಲಾಗಿತ್ತು. ಅದು ನಿಂತಾಗ ಎಷ್ಟು ಗದ್ದಲವಾಯಿತು? ಕಾರಿನ ಮೇಲೆ ತೆರಿಗೆ ಒಂದು ಪೈಸೆ ಏರಿದರೆ ಅದಕ್ಕಿಂತ ಹೆಚ್ಚು ಗದ್ದಲವಾಗುತ್ತದೆ.

"ಅದೆಲ್ಲ ಯುರೋಪಿಗೆ ಸರಿ, ನಮ್ಮ ಹವೆಗೆ ಒಗ್ಗದು" ಎಂದು ಹೇಳುವ ಮಹನೀಯರಿದ್ದಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೆದರ್‌ಲ್ಯಾಂಡಿನ ಚಳಿಮಳೆ ನಮ್ಮದಕ್ಕಿಂತ ಎಷ್ಟೋ ಕಠಿಣ; ಆದರೂ ಅಲ್ಲಿನ ಜನರ ಓಡಾಟದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಸೈಕಲ್ಲಿನ ಮೇಲೆ. ಅವರೇನು ಹುಟ್ಟಾ ವೀರರಲ್ಲ. 1971ರಲ್ಲಿ ಅಲ್ಲಿ ರಸ್ತೆ ಅಪಘಾತಗಳಲ್ಲಿ ಸುಮಾರು 3,300 ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ತಾಯಿತಂದೆಯರು ಬೀದಿಗಿಳಿದು "ಮಕ್ಕಳ ಕೊಲೆ ನಿಲ್ಲಿಸಿ" ಎಂದು ಕೂಗಿದರು. ಸೈಕಲ್ಲಿನ ಪ್ರತ್ಯೇಕ ದಾರಿಗಳು ಹರಡಿದ್ದು ಆ ಕೂಗಿನ ನಂತರ. ಬದಲಾದದ್ದು ಹವೆಯಲ್ಲ, ಹಟ.

ಆದ್ದರಿಂದ ಬೆಂಗಳೂರಿನ ಸವಾರ ಮಿತ್ರರಲ್ಲಿ ನನ್ನ ವಿನಂತಿ: ಬನ್ನಿ, ಮಳೆಯಲ್ಲಿಯೇ ಬನ್ನಿ, ನಂದಿಯ ತುದಿಯಿಂದ ಮೋಡ ನೋಡಿ ಹಿಂತಿರುಗದೆ ಚಿಂತಾಮಣಿಯವರೆಗೂ ಬನ್ನಿ. ಆದರೆ ಪದಕದ ಜೊತೆಗೆ ಒಂದು ಅರ್ಜಿಯನ್ನೂ ಹಿಡಿದುಕೊಂಡು ಹೋಗಿ. ನಿಮ್ಮ ಮಾತಿಗೆ ಕಚೇರಿಗಳಲ್ಲಿ ಕುರ್ಚಿ ಸಿಗುತ್ತದೆ, ಹಾಲಿನವನ ಮಾತಿಗೆ ಸಿಗುವುದಿಲ್ಲ. ಹೆದ್ದಾರಿಯ ಎರಡೂ ಅಂಚಿನಲ್ಲಿ ಎರಡು ಮೀಟರು ಗಟ್ಟಿ ನೆಲ, ಊರ ಹೊರಗಿನ ತಿರುವುಗಳಲ್ಲಿ ದೀಪ, ಎಂಟನೆಯ ತರಗತಿಯ ಮಕ್ಕಳಿಗೆ ಮತ್ತೆ ಸೈಕಲ್ಲು: ಕೇಳಬೇಕಾದದ್ದು ಇಷ್ಟೇ. ಇದನ್ನು ಕೊಟ್ಟರೆ ಚಳಿಮಳೆಯಲ್ಲಿ ಸೈಕಲ್ಲು ತುಳಿಯಲು ಯಾರೂ ಶೂರರಾಗಬೇಕಾಗಿಲ್ಲ.