ಮೊದಲ ಗುಳಿಗೆಗೆ ಮುಂಚೆ

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಇನ್ನೂ ಎಳೆಯದಾಗಿದ್ದ ಕಾಲದಲ್ಲಿ, ಅಂದರೆ 1960ರ ದಶಕದ ಮೊದಲ ವರ್ಷಗಳಲ್ಲಿ, ಅಲ್ಲಿನ ಸಂಶೋಧಕರಾದ ಡಿ. ಬ್ಯಾನರ್ಜಿಯವರೂ ಸ್ಟಿಗ್ ಆಂಡರ್ಸನ್ ಅವರೂ ತುಮಕೂರು ಜಿಲ್ಲೆಯ ಹಳ್ಳಿಗಳ ಕ್ಷಯರೋಗಿಗಳನ್ನು ಕಂಡು ಮಾತನಾಡಿಸಿ ನಡೆಸಿದ ಅಧ್ಯಯನವೊಂದು, 1963ರಲ್ಲಿ ಪ್ರಕಟವಾಗಿ, ಅಂದಿನ ವಿದ್ಯಾವಂತರ ದೃಢವಾದ ನಂಬಿಕೆಯೊಂದನ್ನು ಬುಡಮೇಲು ಮಾಡಿತು. ಹಳ್ಳಿಯ ರೋಗಿಗೆ ತನ್ನ ರೋಗದ ಅರಿವಿಲ್ಲ, ಅವನಾಗಿ ವೈದ್ಯರಲ್ಲಿಗೆ ಬರುವವನಲ್ಲ ಎಂಬುದು ಆ ನಂಬಿಕೆ. ಅಧ್ಯಯನದಲ್ಲಿ ಕಂಡುಬಂದುದಾದರೋ ಬೇರೆ: ರೋಗಿಗಳಲ್ಲಿ ಬಹುಮಂದಿಗೆ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆಯೆಂಬ ಅರಿವಿತ್ತು, ಅರ್ಧದಷ್ಟು ಮಂದಿ ಅದಾಗಲೇ ಆಸ್ಪತ್ರೆಯ ಬಾಗಿಲನ್ನು ತಟ್ಟಿ ಬಂದಿದ್ದರು, ಅವರಿಗೆ ಅಲ್ಲಿ ದೊರೆತದ್ದು ಕೆಮ್ಮಿನ ಔಷಧದ ಒಂದು ಸೀಸೆ. ರೋಗಿ ಬಂದಿದ್ದನು, ನೋಡಬೇಕಾದವರು ನೋಡಿರಲಿಲ್ಲ. ಅರುವತ್ತು ವರ್ಷಗಳು ಕಳೆದ ಮೇಲೆಯೂ ಈ ಮಾತು ಹಳತಾಗಿಲ್ಲವೆಂಬುದೇ ನನ್ನ ವ್ಯಥೆ. ಇಂದು ನಾವು ರೋಗಿಯ ಕಫವನ್ನು ನೋಡುತ್ತೇವೆ, ಆದರೆ ಪೂರ್ತಿಯಾಗಿ ಓದುವುದಿಲ್ಲ.

ಏನನ್ನು ಓದಬೇಕೆಂಬುದನ್ನು ತಿಳಿಯಬೇಕಾದರೆ ಇನ್ನೂ ಸ್ವಲ್ಪ ಹಿಂದಕ್ಕೆ ಹೋಗಬೇಕು. 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಕ್ಷಯದ ದಂಡಾಣುವನ್ನು ಲೋಕಕ್ಕೆ ತೋರಿದ ಬಳಿಕ, ಅದನ್ನು ಕೊಲ್ಲಬಲ್ಲ ಔಷಧಕ್ಕಾಗಿ ಮನುಷ್ಯನು ಅರುವತ್ತಕ್ಕೂ ಹೆಚ್ಚು ವರ್ಷ ಕಾಯಬೇಕಾಯಿತು. ಸ್ಟ್ರೆಪ್ಟೊಮೈಸಿನ್ ಬಂದಾಗ ಉಂಟಾದ ಹರ್ಷವು ಅಷ್ಟಿಷ್ಟಲ್ಲ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿಯು ಅದನ್ನು 107 ರೋಗಿಗಳಲ್ಲಿ ಕ್ರಮಬದ್ಧವಾಗಿ ಪರೀಕ್ಷಿಸಿ 1948ರಲ್ಲಿ ಫಲವನ್ನು ಪ್ರಕಟಿಸಿತು: ಆರು ತಿಂಗಳಲ್ಲಿ ಔಷಧ ಪಡೆದ 55 ಮಂದಿಯಲ್ಲಿ ಸತ್ತವರು ನಾಲ್ವರು, ಕೇವಲ ವಿಶ್ರಾಂತಿಯಲ್ಲಿದ್ದ 52 ಮಂದಿಯಲ್ಲಿ ಸತ್ತವರು ಹದಿನಾಲ್ಕು. ಆದರೆ ಅದೇ ವರದಿಯೊಳಗೆ ಕಹಿಯಾದ ಸಂಗತಿಯೊಂದೂ ಅಡಗಿತ್ತು. ಚಿಕಿತ್ಸೆ ಮುಂದುವರಿದಂತೆ ಬಹುಪಾಲು ರೋಗಿಗಳ ದಂಡಾಣುಗಳು ಆ ಔಷಧಕ್ಕೆ ಜಗ್ಗದಂತಾದವು; ಆ ರೋಗಿಗಳನ್ನು ಮುಂದೆಯೂ ಗಮನಿಸಿದಾಗ, ಐದು ವರ್ಷಗಳು ಕಳೆಯುವಷ್ಟರಲ್ಲಿ ಎರಡು ಗುಂಪುಗಳ ಮರಣಗಳ ನಡುವಣ ಅಂತರವು ಬಹಳಮಟ್ಟಿಗೆ ಅಳಿಸಿಹೋಯಿತು. ಕೋಟಿಗಟ್ಟಲೆ ದಂಡಾಣುಗಳು ಒಂದು ಶ್ವಾಸಕೋಶದಲ್ಲಿ ಮನೆಮಾಡಿಕೊಂಡಿರುವಲ್ಲಿ, ಆಕಸ್ಮಿಕವಾದ ಮಾರ್ಪಾಟಿನಿಂದ ಔಷಧವನ್ನು ತಾಳಿಕೊಳ್ಳಬಲ್ಲ ಕೆಲವು ಮೊದಲೇ ಇದ್ದೇ ಇರುತ್ತವೆ. ಒಂದೇ ಔಷಧವನ್ನು ಕೊಟ್ಟರೆ ಉಳಿದವೆಲ್ಲ ಸತ್ತು, ಅವು ಮಾತ್ರ ಉಳಿದು ವೃದ್ಧಿಯಾಗುತ್ತವೆ. ಎರಡು ಮೂರು ಔಷಧಗಳನ್ನು ಒಟ್ಟಿಗೆ ಕೊಟ್ಟಾಗ, ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಬಲಿಯಾಗುತ್ತದೆ. ಕ್ಷಯದ ಚಿಕಿತ್ಸೆಯೆಲ್ಲವೂ ನಿಂತಿರುವುದು ಈ ಒಂದು ತತ್ತ್ವದ ಮೇಲೆ.

ಈಗ ವಿಚಾರ ಮಾಡಿ ನೋಡಿ. ರೋಗಿಯ ದಂಡಾಣು ಒಂದು ಔಷಧಕ್ಕೆ ಮೊದಲೇ ಜಗ್ಗದ್ದಾಗಿದ್ದು, ಅದನ್ನರಿಯದೆ ನಾವು ಆ ಔಷಧವನ್ನೂ ಸೇರಿಸಿ ಕೊಡುತ್ತಿದ್ದರೆ, ಲೆಕ್ಕದಲ್ಲಿ ಔಷಧಗಳು ಅಷ್ಟೇ ಇದ್ದರೂ ಕಾದಾಡುತ್ತಿರುವುದು ಒಂದು ಕಡಮೆ. ಉಳಿದವುಗಳಲ್ಲಿ ಒಂದು ಸೋತರೆ, ಅದಕ್ಕೂ ಜಗ್ಗದ ದಂಡಾಣುಗಳು ಉಳಿದು ವೃದ್ಧಿಯಾಗುತ್ತವೆ. ಹೀಗೆ, ರೋಗಿಯು ಒಂದು ದಿನವೂ ತಪ್ಪದೆ ಗುಳಿಗೆಗಳನ್ನು ನುಂಗಿದರೂ, ನಮ್ಮ ಕೈಯಿಂದಲೇ ಅವನ ರೋಗವು ಇನ್ನಷ್ಟು ಕಠಿನವಾಗುವ ಸಂಭವವುಂಟು. ಔಷಧ ಬಿಟ್ಟವನೇ ಅಪರಾಧಿಯೆಂದು ಹೇಳಿ ಹೇಳಿ ರೂಢಿಯಾಗಿರುವ ನಮಗೆ ಇದು ರುಚಿಸದ ಸತ್ಯ.

ಇದನ್ನು ಮೊದಲೇ ತಿಳಿಯುವ ಹಳೆಯ ಮಾರ್ಗವೆಂದರೆ ದಂಡಾಣುವನ್ನು ಬೆಳೆಸಿ, ಅದರೊಡನೆ ಔಷಧವನ್ನಿಟ್ಟು ಕಾಯುವುದು. ಈ ಜೀವಿಯಾದರೋ ಅತ್ಯಂತ ನಿಧಾನವಾಗಿ ಬೆಳೆಯುವಂಥದು; ಉತ್ತರ ಬರಲು ವಾರಗಳಲ್ಲ, ತಿಂಗಳುಗಳೇ ಹಿಡಿಯುತ್ತಿದ್ದವು. 1998ರಲ್ಲಿ ದಂಡಾಣುವಿನ ಸಮಸ್ತ ವಂಶಲಿಪಿಯೂ, ಸುಮಾರು 44 ಲಕ್ಷ ಅಕ್ಷರಗಳ ಆ ದೀರ್ಘ ಗ್ರಂಥವು, ಓದಲ್ಪಟ್ಟಿತು. ಔಷಧವನ್ನು ಎದುರಿಸುವ ಶಕ್ತಿಯು ಆ ಗ್ರಂಥದ ಕೆಲವೇ ಸಾಲುಗಳ ಅಕ್ಷರದೋಷಗಳಲ್ಲಿದೆಯೆಂಬುದು ಅದಕ್ಕೂ ಮುಂಚೆಯೇ ತಿಳಿಯತೊಡಗಿತ್ತು. ರಿಫಾಂಪಿಸಿನ್ ಎಂಬ ಪ್ರಧಾನ ಔಷಧದ ವಿಷಯದಲ್ಲಂತೂ, ನೂರಕ್ಕೆ ತೊಂಬತ್ತೈದರಷ್ಟು ಪ್ರಸಂಗಗಳಲ್ಲಿ ದೋಷವಿರುವುದು ಆರ್‌ಪಿಒಬಿ ಎಂಬ ವಂಶವಾಹಿಯ 81 ಅಕ್ಷರಗಳ ಒಂದು ತುಣುಕಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯು 2010ರ ಡಿಸೆಂಬರಿನಲ್ಲಿ ಅನುಮೋದಿಸಿದ ಜೀನ್‌ಎಕ್ಸ್‌ಪರ್ಟ್ ಯಂತ್ರವು ಓದುವುದು ಈ ತುಣುಕನ್ನೇ. ಕಫವನ್ನು ದ್ರಾವಣದಲ್ಲಿ ಕರಗಿಸಿ ಕಾರ್ಟ್ರಿಡ್ಜಿಗೆ ಹಾಕಿ ಯಂತ್ರದೊಳಗಿಟ್ಟರೆ, ಅದು ದಂಡಾಣುಗಳನ್ನು ಒಡೆದು, ಆ ತುಣುಕನ್ನು ಅಸಂಖ್ಯ ಪ್ರತಿಗಳಾಗಿ ಹೆಚ್ಚಿಸಿ, ಅದರ ಭಾಗಗಳಿಗೆ ಹೊಂದಿಕೊಂಡಾಗ ಬೆಳಗುವ ಐದು ಶೋಧಕಗಳನ್ನು ಅದರ ಮೇಲೆ ಬಿಡುತ್ತದೆ. ಐದೂ ಬೆಳಗಿದರೆ ಔಷಧ ಸಲ್ಲುತ್ತದೆ. ಒಂದು ಬೆಳಗದೆ ಉಳಿದರೂ ಅಲ್ಲಿ ಅಕ್ಷರ ತಪ್ಪಿದೆ, ಔಷಧ ಸಲ್ಲದು. ತಿಂಗಳುಗಳ ಕೆಲಸವು ಎರಡು ಗಂಟೆಗಳೊಳಗೆ ಮುಗಿಯುತ್ತದೆ. ಗೋವೆಯಲ್ಲಿ ತಯಾರಾಗುವ ಟ್ರೂನ್ಯಾಟ್ ಎಂಬ ನಮ್ಮದೇ ದೇಶದ ಚಿಕ್ಕ ಯಂತ್ರವು ಬ್ಯಾಟರಿಯ ಮೇಲೆ ನಡೆಯುವಂಥದು. ವಿದ್ಯುತ್ತು ಆಗಾಗ ಕೈಕೊಡುವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅದಕ್ಕಿಂತ ಒಪ್ಪುವ ಸಾಧನವು ಇನ್ನೊಂದಿರದು. ಇಷ್ಟಿದ್ದರೂ ಎಷ್ಟೋ ಕಡೆ ಇಂದಿಗೂ ಮೊದಲ ಪರೀಕ್ಷೆಯು ಸೂಕ್ಷ್ಮದರ್ಶಕದ್ದೇ. ಅದು ದಂಡಾಣು ಇದೆಯೆಂಬುದನ್ನು ಹೇಳೀತೇ ಹೊರತು, ಯಾವ ಔಷಧಕ್ಕೆ ಅದು ಬಾಗುವುದೆಂಬುದನ್ನು ಹೇಳಲಾರದು.

ಆದರೆ ನಾನು ವಿಶೇಷವಾಗಿ ಹೇಳಬೇಕೆಂದಿರುವುದು ಈ ಯಂತ್ರಗಳೂ ಓದದೆ ಬಿಟ್ಟ ಸಾಲನ್ನು ಕುರಿತು. ಐಸೋನಿಯಜಿಡ್ ಎಂಬುದು 1952ರಿಂದ ಬಳಕೆಯಲ್ಲಿರುವ, ಅಗ್ಗವಾದ, ಅತ್ಯುತ್ತಮವಾದ ಔಷಧ. ಅದು ತಾನಾಗಿಯೇ ಕೊಲ್ಲುವುದಿಲ್ಲ. ದಂಡಾಣುವಿನ ಒಳಹೊಕ್ಕ ಮೇಲೆ ಆ ದಂಡಾಣುವಿನದೇ ಕಿಣ್ವವೊಂದು ಅದನ್ನು ವಿಷವಾಗಿ ಮಾರ್ಪಡಿಸುತ್ತದೆ. ಆ ಕಿಣ್ವದ ವಂಶವಾಹಿಯಾದ ಕ್ಯಾಟ್‌ಜಿಯಲ್ಲಿ ದೋಷವುಂಟಾದರೆ ಔಷಧವು ನಿರ್ವಿಷವಾಗಿಯೇ ಉಳಿಯುತ್ತದೆ. ದೋಷವು ಐಎನ್‌ಎಚ್‌ಎ ಎಂಬ ಇನ್ನೊಂದೆಡೆಯಲ್ಲಿದ್ದರೆ ಪ್ರತಿರೋಧವು ಸಾಮಾನ್ಯವಾಗಿ ಅಷ್ಟು ತೀವ್ರವಲ್ಲ, ಔಷಧದ ಪ್ರಮಾಣವನ್ನು ಹೆಚ್ಚಿಸಿ ಪ್ರಯೋಜನ ಪಡೆಯುವ ಅವಕಾಶವುಂಟು. ಒಂದು ಅಕ್ಷರವನ್ನು ಓದಿದುದರಿಂದ ವೈದ್ಯನಿಗೆ ಇಷ್ಟು ಸೂಕ್ಷ್ಮವಾದ ಮಾರ್ಗದರ್ಶನವು ದೊರೆಯುವುದಾದರೆ, ಅದನ್ನು ಓದದೆ ಬಿಡುವುದು ಹೇಗೆ? 2014ರಿಂದ 2016ರವರೆಗೆ ನಡೆದು, ಬೆಂಗಳೂರಿನ ಅದೇ ಸಂಸ್ಥೆಯು ಮುಖ್ಯಪಾತ್ರ ವಹಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಹೊಸ ರೋಗಿಗಳಲ್ಲಿಯೇ ನೂರಕ್ಕೆ ಸುಮಾರು 11 ಮಂದಿಯ ದಂಡಾಣುಗಳು ಐಸೋನಿಯಜಿಡ್ಡಿಗೆ ಜಗ್ಗದವಾಗಿದ್ದುವು. ಹಿಂದೆ ಚಿಕಿತ್ಸೆ ಪಡೆದವರಲ್ಲಿ ಸುಮಾರು 25. ಐಸೋನಿಯಜಿಡ್, ರಿಫಾಂಪಿಸಿನ್ ಎರಡಕ್ಕೂ ಜಗ್ಗದ ಬಹುಔಷಧ ನಿರೋಧಕ ಕ್ಷಯವು ಹೊಸಬರಲ್ಲಿ ಇದ್ದುದು ನೂರಕ್ಕೆ ಮೂರಕ್ಕಿಂತ ಕಡಮೆ. ಅಂದರೆ, ರಿಫಾಂಪಿಸಿನ್ನಿನ ತುಣುಕೊಂದನ್ನೇ ಓದಿ ತೃಪ್ತರಾದರೆ, ನೂರು ಹೊಸ ರೋಗಿಗಳಲ್ಲಿ ಎಂಟು ಮಂದಿಯ ಚೀಟಿಯ ಮೇಲೆ ಎಲ್ಲವೂ ಸರಿಯಾಗಿದೆಯೆಂಬರ್ಥದ ಮಾತು ಬರೆಯಲ್ಪಟ್ಟು, ಅವರು ಒಂದು ಔಷಧ ಕುಂಟುತ್ತಿರುವ ಚಿಕಿತ್ಸೆಗೆ ಕಳುಹಿಸಲ್ಪಡುತ್ತಾರೆ.

ನಿಯಮಾವಳಿಯಲ್ಲಿ ಇದಕ್ಕೆ ಪರಿಹಾರವಿಲ್ಲವೆಂದಲ್ಲ. ರಿಫಾಂಪಿಸಿನ್ ಸಲ್ಲುವುದೆಂದು ಬಂದವರ ಕಫವನ್ನೂ ದೊಡ್ಡ ಪ್ರಯೋಗಾಲಯಕ್ಕೆ ಕಳುಹಿಸಿ ಮುಂದಿನ ಪರೀಕ್ಷೆಯನ್ನು ಮಾಡಿಸಬೇಕೆಂದು ರಾಷ್ಟ್ರೀಯ ಕಾರ್ಯಕ್ರಮವು ವಿಧಿಸಿದೆ. ಆದರೆ ಅಂಥ ಪ್ರಯೋಗಾಲಯಗಳು ಕೆಲವೇ ಊರುಗಳಲ್ಲಿವೆ. ಕಫದ ಡಬ್ಬಿಯು ತಾಲ್ಲೂಕಿನಿಂದ ಅಲ್ಲಿಗೆ ಪಯಣ ಮಾಡಬೇಕು, ದಾರಿಯಲ್ಲಿ ತಂಪಾಗಿರಬೇಕು, ಸೋರಬಾರದು. ಫಲಿತಾಂಶವು ಹಿಂದಿರುಗಿ ಬಂದಾಗ ಅದನ್ನು ನೋಡಿ ಔಷಧವನ್ನು ಬದಲಿಸುವ ಅಧಿಕಾರವುಳ್ಳವರು ಅಲ್ಲಿರಬೇಕು. ರೋಗಿಯು ಕೂಲಿಗಾಗಿ ಬೇರೆ ಊರಿಗೆ ಹೋಗಿರದೆ ಕೈಗೆ ಸಿಗಬೇಕು. ಎರಡು ಗಂಟೆಗಳ ವಿಜ್ಞಾನವು ಹೀಗೆ ಹಲವು ವಾರಗಳ ಆಡಳಿತವಾಗಿ ಪರಿಣಮಿಸುತ್ತದೆ. ಐಸೋನಿಯಜಿಡ್ ಮುಂತಾದ ಇತರ ಔಷಧಗಳ ವಂಶವಾಹಿಗಳನ್ನೂ ಅದೇ ಬಗೆಯ ಯಂತ್ರದಲ್ಲಿ ಓದಬಲ್ಲ ಹೊಸ ಕಾರ್ಟ್ರಿಡ್ಜನ್ನು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿಯೇ ಒಪ್ಪಿರುವಾಗ, ಡಬ್ಬಿಯನ್ನು ಊರೂರು ಅಲೆಸುವುದನ್ನು ಬಿಟ್ಟು ಓದುವ ಸಾಮರ್ಥ್ಯವನ್ನೇ ಡಬ್ಬಿಯಿದ್ದಲ್ಲಿಗೆ ತರುವುದು ಯುಕ್ತ.

ಇದಕ್ಕೆ ಒಂದು ಆಕ್ಷೇಪವಿದೆ, ಅದು ಗೌರವಾರ್ಹವಾದುದು. ಕ್ಷಯವು ಹಸಿವಿನ ರೋಗ. ಬಡವನಿಗೆ ಬೇಕಾದುದು ಅಕ್ಕಿ, ಬೇಳೆ. ವಂಶವಾಹಿಯ ಯಂತ್ರಕ್ಕೆ ಸುರಿಯುವ ಹಣವನ್ನು ಅನ್ನಕ್ಕೆ ಸುರಿಯಿರಿ ಎನ್ನುವವರಿದ್ದಾರೆ. ಅವರ ಮಾತಿನ ಪೂರ್ವಾರ್ಧವು ನಿರ್ವಿವಾದ. ಮಂಗಳೂರಿನ ವೈದ್ಯರಾದ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರ ನೇತೃತ್ವದಲ್ಲಿ ಝಾರ್ಖಂಡದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ರೋಗಿಯ ಮನೆಮಂದಿಗೆ ಆಹಾರಧಾನ್ಯವನ್ನೂ ಸೂಕ್ಷ್ಮ ಪೋಷಕಾಂಶಗಳನ್ನೂ ಒದಗಿಸಿದ ಮಾತ್ರದಿಂದ ಅವರಲ್ಲಿ ಹೊಸದಾಗಿ ಕ್ಷಯ ಹುಟ್ಟುವುದು ನೂರಕ್ಕೆ ಸುಮಾರು 39ರಷ್ಟು ಇಳಿಯಿತು. ಆದರೆ ಅದೇ ಮನೆಯಲ್ಲಿ ಕೆಮ್ಮುತ್ತಿರುವವನ ದಂಡಾಣುವು ಔಷಧಕ್ಕೆ ಜಗ್ಗದ್ದಾಗಿದ್ದರೆ, ಉಣ್ಣುತ್ತಿರುವ ಮಕ್ಕಳಿಗೆ ಅವನಿಂದ ಹರಡುವುದೂ ಜಗ್ಗದ ದಂಡಾಣುವೇ. ಅನ್ನ ಬೇಕು ಎಂಬುದರಿಂದ ಓದು ಬೇಡವೆಂಬುದು ಸಿದ್ಧವಾಗುವುದಿಲ್ಲ.

ಯಂತ್ರವನ್ನು ದೇವರೆಂದು ನಂಬಬೇಕೆಂದೂ ನನ್ನ ಅಭಿಪ್ರಾಯವಲ್ಲ. ಆಫ್ರಿಕದ ಎಸ್ವಾಟಿನಿಯಲ್ಲಿ ಆ 81 ಅಕ್ಷರಗಳ ಹೊರಗಡೆ ದೋಷವುಳ್ಳ ದಂಡಾಣುವೊಂದು ಹಬ್ಬಿ, ಯಂತ್ರದ ಕಣ್ಣಿಗೆ ಬೀಳದೆ, ಎಷ್ಟೋ ರೋಗಿಗಳನ್ನು ತಪ್ಪು ಚಿಕಿತ್ಸೆಯಲ್ಲಿ ಉಳಿಸಿತು. ಚಿಕ್ಕ ತುಣುಕನ್ನು ಓದುವವನು ದೊಡ್ಡ ಗ್ರಂಥವನ್ನು ಓದುವವರಿಂದ ಆಗಾಗ ತಿದ್ದಿಸಿಕೊಳ್ಳಬೇಕು. ಇಂಗ್ಲೆಂಡಿನಲ್ಲಿ 2017ರಿಂದ ಕ್ಷಯದ ದಂಡಾಣುವಿನ ಸಂಪೂರ್ಣ ವಂಶಲಿಪಿಯನ್ನು ಓದುವುದು ನಿತ್ಯದ ಕ್ರಮವಾಗಿದೆ. ಲೋಕದ ಕ್ಷಯರೋಗಿಗಳಲ್ಲಿ ನಾಲ್ಕನೆಯ ಒಂದು ಭಾಗವನ್ನು ಹೊತ್ತಿರುವ ನಮ್ಮ ದೇಶವು ನಾಳೆಯೇ ಅಲ್ಲಿಗೆ ತಲಪಲಾರದು. ಆದರೆ ಮೊದಲ ಗುಳಿಗೆಯನ್ನು ಅಂಗೈಯಲ್ಲಿ ಇಡುವ ಮುನ್ನ, ಅಥವಾ ಚಿಕಿತ್ಸೆಯ ಮೊದಲ ವಾರದೊಳಗಾದರೂ, ರೋಗಿಯ ಕೈಗೆ ಕೊಡುವ ಚೀಟಿಯಲ್ಲಿ ರಿಫಾಂಪಿಸಿನ್ನಿನ ಮುಂದೆ ಒಂದು ಉತ್ತರ, ಐಸೋನಿಯಜಿಡ್ಡಿನ ಮುಂದೆ ಒಂದು ಉತ್ತರ, ಅವನಿಗೆ ತಿಳಿಯುವ ಕನ್ನಡದಲ್ಲಿ ಬರೆದಿರಬೇಕು. ಎರಡನೆಯ ಸಾಲು ಖಾಲಿಯಿದ್ದರೆ ಏಕೆ ಖಾಲಿಯೆಂದು ಕೇಳುವ ಅಧಿಕಾರವು ಅವನಿಗೂ, ಮನೆಬಾಗಿಲಿಗೆ ಔಷಧ ತಂದುಕೊಡುವ ಆಶಾ ಕಾರ್ಯಕರ್ತೆಗೂ ಇರಬೇಕು.